ಸೀಸನ್ ನಡುವೆ ಕುರ್ಚಿ ಸಿಕ್ಕವರು: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಹಂಗಾಮಿ ಕೋಚ್‌ಗಳು

2013ರ ಸೆಪ್ಟೆಂಬರ್ 29, ಇನ್ನೂ ನಸುಕು. ಅರಿಜೋನಾ ಸ್ಟೇಟ್ ಎದುರು 62-41ರಲ್ಲಿ ಸೋತ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಮುಖ್ಯ ಕೋಚ್ ಲೇನ್ ಕಿಫಿನ್ ಅವರನ್ನು ಅಲ್ಲೇ ಒಂದು ಸಣ್ಣ ಕೋಣೆಗೆ ಕರೆದು ಮಾತಾಡಿದರು. ಹುಡುಗರಿದ್ದ ಬಸ್ ಕಿಫಿನ್ ಅವರನ್ನು ಬಿಟ್ಟು ಹೊರಟಿತು. ಬೆಳಗಾಗುವಷ್ಟರಲ್ಲಿ ಎದುರಾಳಿಯನ್ನು ತಡೆಯುವ ಮುಂಸಾಲಿನ (ಡಿಫೆನ್ಸಿವ್ ಲೈನ್) ಕೋಚ್ ಎಡ್ ಒರ್ಜೆರಾನ್ ಹಂಗಾಮಿ ಮುಖ್ಯ ಕೋಚ್ ಆಗಿದ್ದರು.

ನಾವು ಇಲ್ಲಿ ಫುಟ್‌ಬಾಲ್ ಅಂತ ಕರೆಯುವ ಆಟ ಇದಲ್ಲ. ಇದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ಸಿಗುವುದು ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್‌ಗೆ. ಅಂಥವರನ್ನು ಸೀಸನ್ ನಡುವೆ ತೆಗೆದರೆ ತಂಡದಲ್ಲಿ ಉಳಿಯುವುದು ನೂರು ಚಿಲ್ಲರೆ ಹುಡುಗರು, ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನವರು. ತಮ್ಮನ್ನು ಆರಿಸಿ ಕರೆತಂದ ಮನುಷ್ಯ ಈಗ ಇಲ್ಲ. ಶನಿವಾರ ಮಾತ್ರ ಆಟ ಇದ್ದೇ ಇದೆ. ಹಂಗಾಮಿ ಕೋಚ್‌ನ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಗೆಲುವು ಆಮೇಲಿನ ಮಾತು, ಮೊದಲು ಆ ಹುಡುಗರು ಚದುರದ ಹಾಗೆ ಹಿಡಿದಿಡಬೇಕು.

ಮೊದಲೆಲ್ಲ ಹಂಗಾಮಿ ಅಂದರೆ ಬೇರೆಯದೇ ಅರ್ಥ ಇತ್ತು. ಕೋಚ್ ಎಲ್ಲೋ ಹೋಗಿದ್ದಾರೆ, ವಾಪಸ್ ಬರುತ್ತಾರೆ, ಅಲ್ಲಿವರೆಗೆ ನೀನು ನೋಡಿಕೋ ಅಂತ. ಎರಡನೇ ಮಹಾಯುದ್ಧದಲ್ಲಿ ನೋಟ್ರ ಡೇಮ್ ವಿಶ್ವವಿದ್ಯಾಲಯದ ಕೋಚ್ ಫ್ರಾಂಕ್ ಲೇಹಿ ನೌಕಾಪಡೆ ಸೇರಿದರು. 1944ರಲ್ಲಿ ಎಡ್ ಮೆಕೀವರ್, 1945ರಲ್ಲಿ ಹ್ಯೂ ಡೆವೋರ್ ತಂಡವನ್ನು ನಡೆಸಿದರು. 1946ಕ್ಕೆ ಲೇಹಿ ಮರಳಿದರು, ಕುರ್ಚಿ ಅವರಿಗೇ ಕಾದಿತ್ತು. ಡೆವೋರ್ ಅವರನ್ನು ನೋಟ್ರ ಡೇಮ್ 1963ರಲ್ಲಿ ಇನ್ನೊಮ್ಮೆ ಒಂದು ವರ್ಷಕ್ಕೆ ಕರೆಯಿತು. ಬಂದರು, 2 ಗೆಲುವು, 7 ಸೋಲು, ಮತ್ತೆ ಪಕ್ಕಕ್ಕೆ ಸರಿದರು.

ಟೆನೆಸ್ಸಿಯಲ್ಲಿ 1992ರಲ್ಲಿ ನಡೆದದ್ದು ಇಷ್ಟು ಸರಳವಾಗಿರಲಿಲ್ಲ. ಸೀಸನ್ ಶುರುವಾಗುವ ಹೊತ್ತಿಗೆ ಜಾನಿ ಮೇಜರ್ಸ್ ಅವರಿಗೆ ಹೃದಯದ ಆಪರೇಷನ್ ಆಯಿತು. ಸಹಾಯಕ ಕೋಚ್ ಫಿಲಿಪ್ ಫುಲ್ಮರ್ ಮೂರು ಆಟ ನೋಡಿಕೊಂಡರು, ಮೂರನ್ನೂ ಗೆದ್ದರು. ಅದರಲ್ಲಿ ಜಾರ್ಜಿಯಾ, ಫ್ಲೋರಿಡಾದಂಥ ಗಟ್ಟಿ ತಂಡಗಳೂ ಇದ್ದವು. ಮೇಜರ್ಸ್ ಚೇತರಿಸಿಕೊಂಡು ಬಂದರು, ಆಮೇಲೆ ಸಾಲಾಗಿ ಮೂರು ಆಟ ಸೋತರು. ಸೀಸನ್ ಮುಗಿಯುವಾಗ ಕುರ್ಚಿ ಫುಲ್ಮರ್ ಅವರದಾಗಿತ್ತು. ಆರು ವರ್ಷದ ನಂತರ ಟೆನೆಸ್ಸಿಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟವರೂ ಅವರೇ. ಆದರೂ ಆಸ್ಪತ್ರೆಯಿಂದ ಎದ್ದು ಬಂದವನಿಗೆ ತನ್ನ ಜಾಗದಲ್ಲಿ ಬೇರೆಯವರು ಕೂತಿದ್ದು ಕಂಡರೆ ಹೇಗಿರುತ್ತೆ ಹೇಳಿ. ಆ ಕಹಿ ವರ್ಷಗಟ್ಟಲೆ ಹೋಗಲಿಲ್ಲ.

ಮಿಚಿಗನ್‌ನ ಲಾಯ್ಡ್ ಕಾರ್ 1995ರಲ್ಲಿ ಹಂಗಾಮಿಯಾಗಿ ಬಂದು ಆ ನವೆಂಬರ್‌ನಲ್ಲೇ ಕಾಯಂ ಆದರು. 1997ರಲ್ಲಿ ಅವರ ತಂಡ 12 ಆಟಗಳಲ್ಲಿ ಒಂದನ್ನೂ ಸೋಲಲಿಲ್ಲ.

ಈ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ್ದು ಕ್ಲೆಮ್ಸನ್‌ನ ಕಥೆ. 2008ರಲ್ಲಿ ಸೀಸನ್ ಶುರುವಾಗುವ ಮೊದಲು ದೇಶದ 9ನೇ ತಂಡ ಅನ್ನಿಸಿಕೊಂಡಿದ್ದ ಕ್ಲೆಮ್ಸನ್, ಆರು ಆಟದಲ್ಲಿ ಮೂರು ಸೋತಿತ್ತು. ಅಕ್ಟೋಬರ್ 13ರಂದು ಟಾಮಿ ಬೌಡನ್ ಕೆಳಗಿಳಿದರು. ಕ್ರೀಡಾ ನಿರ್ದೇಶಕ ಟೆರಿ ಡಾನ್ ಫಿಲಿಪ್ಸ್ ಆರಿಸಿದ್ದು ಡಾಬೋ ಸ್ವಿನ್ನಿ ಅವರನ್ನು. ವಯಸ್ಸು 38. ಎಸೆದ ಚೆಂಡು ಹಿಡಿಯುವ ರಿಸೀವರ್ ಹುಡುಗರಿಗೆ ಮಾತ್ರ ಕೋಚ್. ಮುಖ್ಯ ಕೋಚ್ ಆಗುವ ಮೊದಲು ಸಾಮಾನ್ಯವಾಗಿ ಹತ್ತುವ ಕೋಆರ್ಡಿನೇಟರ್ (ತಂಡದ ದಾಳಿ ಅಥವಾ ರಕ್ಷಣೆಯ ಹೊಣೆ ಹೊತ್ತವರು) ಮೆಟ್ಟಿಲನ್ನು ಅವರು ಹತ್ತಿರಲೇ ಇಲ್ಲ. ಕೆಲವೇ ವರ್ಷದ ಹಿಂದೆ ಕೆಲಸ ಹೋಗಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಯಲ್ ಎಸ್ಟೇಟ್ ವ್ಯವಹಾರ ನೋಡಿಕೊಂಡಿದ್ದವರು.

ಕೈಯಲ್ಲಿ ಇದ್ದದ್ದು ಐದೇ ದಿನ. ಮೊದಲು ಆಫೆನ್ಸಿವ್ ಕೋಆರ್ಡಿನೇಟರ್ ಅವರನ್ನು ತೆಗೆದರು. ಆಮೇಲೆ ಮಾಡಿದ್ದು ಚಿಕ್ಕ ಕೆಲಸ. ಆಟದ ದಿನ ಬಸ್ಸನ್ನು ಕ್ರೀಡಾಂಗಣದ ಬಾಗಿಲ ತನಕ ತರಿಸಲಿಲ್ಲ. ಆಚೆಯೇ ಇಳಿಸಿ, ಹುಡುಗರನ್ನು ಅಭಿಮಾನಿಗಳ ನಡುವೆ ನಡೆಸಿಕೊಂಡು ಬಂದರು. ಸೋಲಿನಿಂದ ಮುನಿಸಿಕೊಂಡ ಊರು, ತಲೆ ತಗ್ಗಿಸಿದ ಹುಡುಗರು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿದ ಹಾಗೆ. ಆ ನಡಿಗೆಗೆ ‘ಟೈಗರ್ ವಾಕ್’ ಅಂತ ಹೆಸರು, ಈಗ ಅದು ಅಲ್ಲಿನ ಸಂಪ್ರದಾಯ. ಅವತ್ತಿನ ಆಟವನ್ನು ಜಾರ್ಜಿಯಾ ಟೆಕ್ ಎದುರು 21-17ರಲ್ಲಿ ಸೋತರು. ಆದರೆ ಉಳಿದ ಐದು ನಿಗದಿತ ಆಟದಲ್ಲಿ ನಾಲ್ಕನ್ನು ಗೆದ್ದರು, ಡಿಸೆಂಬರ್ 1ಕ್ಕೆ ಕಾಯಂ ಆದರು. 2016 ಮತ್ತು 2018ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್.

ಮತ್ತೆ ಒರ್ಜೆರಾನ್ ಹತ್ತಿರ ಬರೋಣ. ಯುಎಸ್‌ಸಿಯಲ್ಲಿ ಅವರು ಬಂದ ಕೂಡಲೇ ಹುಡುಗರ ಊಟದ ಮೇಜಿಗೆ ಕುಕೀಸ್ ವಾಪಸ್ ಬಂತು. ಕೇಳೋಕೆ ಸಣ್ಣ ವಿಷಯ. ಆದರೆ ಬೇಸತ್ತ ಹುಡುಗರಿಗೆ ‘ಇಲ್ಲಿ ನಮ್ಮನ್ನು ನೋಡುವವರಿದ್ದಾರೆ’ ಅನ್ನಿಸಲು ಅಷ್ಟು ಸಾಕು. ಎಂಟು ಆಟದಲ್ಲಿ ಆರು ಗೆದ್ದರು. ಸ್ಟಾನ್‌ಫರ್ಡ್ ತಂಡವನ್ನು 20-17ರಲ್ಲಿ ಮಣಿಸಿದ ರಾತ್ರಿ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿದರು. ಆದರೂ ಕೆಲಸ ಸಿಕ್ಕಿದ್ದು ಹೊರಗಿನಿಂದ ಬಂದ ಸ್ಟೀವ್ ಸಾರ್ಕೀಸಿಯನ್ ಅವರಿಗೆ. ಒರ್ಜೆರಾನ್ ಅದೇ ದಿನ ಹೊರಟುಬಿಟ್ಟರು. ಸೀಸನ್ ಮುಗಿದ ಮೇಲಿನ ಬೋಲ್ ಆಟಕ್ಕೆ ಕ್ಲೇ ಹೆಲ್ಟನ್ ನಿಲ್ಲಬೇಕಾಯಿತು. ಹಂಗಾಮಿಯ ಜಾಗಕ್ಕೂ ಒಬ್ಬ ಹಂಗಾಮಿ! ಯುಎಸ್‌ಸಿ ಅವತ್ತು ತಪ್ಪು ಮಾಡಿತು ಅಂತಲೇ ನನ್ನ ಅಭಿಪ್ರಾಯ. ಎರಡೇ ವರ್ಷದಲ್ಲಿ, 2015ರ ಅಕ್ಟೋಬರ್‌ನಲ್ಲಿ, ಸಾರ್ಕೀಸಿಯನ್ ಅವರನ್ನೂ ಸೀಸನ್ ನಡುವೆ ತೆಗೆಯಿತು.

ಒರ್ಜೆರಾನ್ ಹುಟ್ಟಿದ್ದು ಲೂಸಿಯಾನಾದಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಅದೇ ರಾಜ್ಯದ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತನ್ನ ಕೋಚ್ ಲೆಸ್ ಮೈಲ್ಸ್ ಅವರನ್ನು ತೆಗೆದು ಇವರನ್ನು ಹಂಗಾಮಿ ಮಾಡಿತು. ಈ ಸಲ ಕಾಯಂ ಆಯಿತು. 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ರಾಷ್ಟ್ರೀಯ ಫೈನಲ್. ಒಂದು ಕಡೆ ಎಲ್‌ಎಸ್‌ಯು ಜೊತೆ ಒರ್ಜೆರಾನ್, ಎದುರಿಗೆ ಕ್ಲೆಮ್ಸನ್ ಜೊತೆ ಸ್ವಿನ್ನಿ. ಒಂದು ಕಾಲಕ್ಕೆ ‘ಸದ್ಯಕ್ಕೆ ನೋಡಿಕೊಳ್ಳಿ’ ಅನ್ನಿಸಿಕೊಂಡ ಇಬ್ಬರು! ಎಲ್‌ಎಸ್‌ಯು 42-25ರಲ್ಲಿ ಗೆದ್ದು, ಆಡಿದ 15 ಆಟವನ್ನೂ ಗೆದ್ದ ತಂಡವಾಯಿತು.

ಇದನ್ನೇ ನೋಡಿ ಎಲ್ಲ ಹಂಗಾಮಿಗಳನ್ನೂ ಕಾಯಂ ಮಾಡಿ ಅನ್ನೋಕೆ ಆಗಲ್ಲ. ವೆಸ್ಟ್ ವರ್ಜೀನಿಯಾದ ಬಿಲ್ ಸ್ಟೂವರ್ಟ್ 2008ರ ಜನವರಿಯಲ್ಲಿ ಓಕ್ಲಹೋಮಾದಂಥ ದೊಡ್ಡ ತಂಡವನ್ನು 48-28ರಲ್ಲಿ ಸೋಲಿಸಿದರು. ಮಾರನೇ ದಿನವೇ ಕಾಯಂ ಆದೇಶ ಬಂತು. ಮೂರು ವರ್ಷವೂ ತಲಾ 9 ಗೆಲುವು. ಆದರೆ ಆ ಒಂದು ರಾತ್ರಿಯ ಎತ್ತರಕ್ಕೆ ತಂಡ ಮತ್ತೆ ಏರಲಿಲ್ಲ, 2011ರಲ್ಲಿ ಅವರು ಹೋಗಬೇಕಾಯಿತು. ಒಂದು ಆಟ ನೋಡಿ ಮದುವೆಯ ಮಾತು ಮುಗಿಸಿದ ಹಾಗಾಯಿತು ಅಲ್ವಾ.

ಇತ್ತೀಚೆಗೆ ಹಂಗಾಮಿಗಳು ಇಷ್ಟು ಜಾಸ್ತಿ ಆಗಿದ್ದಕ್ಕೆ ಕ್ಯಾಲೆಂಡರ್ ಒಂದು ಕಾರಣ. ಹೈಸ್ಕೂಲ್ ಹುಡುಗರು ಕಾಲೇಜಿಗೆ ಸಹಿ ಹಾಕುವುದು ಮೊದಲು ಫೆಬ್ರವರಿಯಲ್ಲಿತ್ತು. 2017ರಿಂದ ಡಿಸೆಂಬರ್‌ನಲ್ಲೂ ಸಹಿ ಶುರುವಾಯಿತು. 2018ರಲ್ಲಿ, ತಂಡ ಬಿಡಬಯಸುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದು ಆಟಗಾರರು ತಂಡ ಬದಲಿಸುವುದು ಸಲೀಸಾಯಿತು. ಹಾಗಾಗಿ ಹೊಸ ಕೋಚ್ ಡಿಸೆಂಬರ್‌ಗೆ ಮೊದಲೇ ಬೇಕು, ಹಳಬರನ್ನು ಅಕ್ಟೋಬರ್‌ನಲ್ಲೇ ಕಳಿಸಬೇಕು. ಇನ್ನೊಂದು ಕಾರಣ ದುಡ್ಡು. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಜಿಂಬೋ ಫಿಶರ್ ಅವರನ್ನು ತೆಗೆದಾಗ ಒಪ್ಪಂದದ ಪ್ರಕಾರ ಕೊಡಬೇಕಾದದ್ದು 7.5 ಕೋಟಿ ಡಾಲರ್‌ಗೂ ಜಾಸ್ತಿ. ಅಷ್ಟು ತೆತ್ತಾದರೂ ತೆಗೆಯುವವರಿಗೆ ಎರಡು ತಿಂಗಳು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

2025ರಲ್ಲಿ ಇದು ಮಿತಿ ಮೀರಿತು. ನಾಲ್ಕೂ ಆಟ ಸೋತಿದ್ದ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡ, ಹಂಗಾಮಿ ಟಿಮ್ ಸ್ಕಿಪ್ಪರ್ ಕೈಯಲ್ಲಿ ದೇಶದ 7ನೇ ತಂಡ ಪೆನ್ ಸ್ಟೇಟ್ ಅನ್ನು 42-37ರಲ್ಲಿ ಸೋಲಿಸಿತು. ಎಂಟು ದಿನದಲ್ಲಿ ಪೆನ್ ಸ್ಟೇಟ್ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆಯಿತು. ಅಲ್ಲೂ ಹಂಗಾಮಿ. ಅಲ್ಲಿಯೇ ಓದಿ ಆಡಿದ್ದ ಟೆರಿ ಸ್ಮಿತ್. ಅವರನ್ನೇ ಕಾಯಂ ಮಾಡಿ ಅಂತ ಆಟಗಾರರೇ ಫಲಕ ಹಿಡಿದರು. ಕೆಲಸ ಮ್ಯಾಟ್ ಕ್ಯಾಂಪ್‌ಬೆಲ್ ಅವರಿಗೆ ಹೋಯಿತು.

ಆಬರ್ನ್‌ನ ಕಾರ್ನೆಲ್ ವಿಲಿಯಮ್ಸ್ ಅವರನ್ನು ಎಲ್ಲರೂ ಕರೆಯುವುದು ಕ್ಯಾಡಿಲಾಕ್ ಅಂತ. 2004ರಲ್ಲಿ ಒಂದೂ ಆಟ ಸೋಲದ ಆಬರ್ನ್ ತಂಡದ ಹೀರೋ. 2022ರ ಅಕ್ಟೋಬರ್ 31ರಂದು ಬ್ರಯಾನ್ ಹಾರ್ಸಿನ್ ಅವರನ್ನು ತೆಗೆದಾಗ ಹಂಗಾಮಿ ಪಟ್ಟ ಇವರಿಗೆ ಬಂತು. ಆಬರ್ನ್ ಫುಟ್‌ಬಾಲ್ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ವ್ಯಕ್ತಿ ಇವರೇ. ತಂಡ ಸಾಲಾಗಿ ಐದು ಸೋತಿತ್ತು. ನವೆಂಬರ್ 12ರಂದು ಟೆಕ್ಸಸ್ ಎ ಅಂಡ್ ಎಂ ಎದುರು ಆಟ. ಸೋಲುತ್ತಿರುವ ತಂಡಕ್ಕೂ ಕ್ರೀಡಾಂಗಣ ತುಂಬಿತ್ತು. 13-10ರಲ್ಲಿ ಗೆದ್ದರು. ವಿಲಿಯಮ್ಸ್ ಎಲ್ಲರೆದುರೇ ಅತ್ತುಬಿಟ್ಟರು.

ತಿಂಗಳ ಕೊನೆಗೆ ಆಬರ್ನ್ ಹ್ಯೂ ಫ್ರೀಜ್ ಅವರನ್ನು ಕರೆತಂದಿತು. ವಿಲಿಯಮ್ಸ್ ಮತ್ತೆ ತಮ್ಮ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ) ಹುಡುಗರ ಹತ್ತಿರ ಹೋದರು. 2025ರ ನವೆಂಬರ್ 2ರಂದು ಫ್ರೀಜ್ ಅವರನ್ನೂ ತೆಗೆದರು. ಉಳಿದ ಆಟಗಳಿಗೆ ಡಿ.ಜೆ. ಡರ್ಕಿನ್ ಹಂಗಾಮಿ ಕೋಚ್ ಆದರು.