ದಾಟಿದ ಮನೆಯಲ್ಲಿ ಸಿಕ್ಕಿಬಿದ್ದ ಪದಾತಿ

"ಏಯ್, ಇದೇನು ಮೋಸ?" ಎಂದೆ. ಚೆಸ್ ಆಡುತ್ತಿದ್ದ ಅಣ್ಣನ ಮಗಳು ತನ್ನ ಪದಾತಿಯನ್ನು ಓರೆಯಾಗಿ ಖಾಲಿ ಮನೆಗೆ ಸರಿಸಿ, ಅದರ ಪಕ್ಕದಲ್ಲಿ ತೆಪ್ಪಗೆ ನಿಂತಿದ್ದ ನನ್ನ ಪದಾತಿಯನ್ನು ಎತ್ತಿಕೊಂಡಿದ್ದಳು.

"ಮೋಸ ಅಲ್ಲ ಚಿಕ್ಕಪ್ಪ, ಆನ್ ಪಾಸಾಂ."

ಫ್ರೆಂಚ್ ಮಾತು, ಹಾದುಹೋಗುವಾಗ ಎಂದರ್ಥ.

ನಾನು ಕಲಿತದ್ದು ನಮ್ಮ ಹಳೇ ಚದುರಂಗ. ಅಲ್ಲಿ ಪದಾತಿಗೆ ಒಂದೊಂದೇ ಮನೆ, ಹಾಗಾಗಿ ಈ ಜಗಳಕ್ಕೆ ಎಡೆಯೇ ಇಲ್ಲ. ಆಟ ಯುರೋಪಿಗೆ ಹೋದ ಮೇಲೆ, ಶುರುವಿನ ಆಮೆನಡಿಗೆಗೆ ಚುರುಕು ಬರಲೆಂದು ಪದಾತಿಯ ಮೊದಲ ನಡೆಗೆ ಎರಡು ಮನೆಯ ಸಲಿಗೆ ಕೊಟ್ಟರು. ಕೊಟ್ಟದ್ದೇ ತೊಂದರೆ ಶುರು. ಪದಾತಿ ನಡೆಯುವುದು ನೇರ, ಹೊಡೆಯುವುದು ಮಾತ್ರ ಓರೆಯಾಗಿ ಮುಂದಿನ ಮನೆಯಲ್ಲಿರುವುದನ್ನು. ತನ್ನ ಕಡೆಯಿಂದ ಐದನೇ ಸಾಲಿಗೆ ಕಷ್ಟಪಟ್ಟು ಬಂದು ಕಾವಲು ನಿಂತ ಎದುರಾಳಿ ಪದಾತಿಯ ಬಾಯಿಗೆ ಬೀಳಬೇಕಾದ ಪದಾತಿ ಅದರ ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳುತ್ತದೆ. ಆ ತೂತಿಗೆ ಹಾಕಿದ ತೇಪೆ ಈ ನಿಯಮ: ಎರಡು ಮನೆ ಹಾರಿದ್ದನ್ನು ಒಂದೇ ಮನೆ ನಡೆದಂತೆ ಲೆಕ್ಕ ಹಿಡಿದು ಹೊಡೆಯಬಹುದು. ಹೊಡೆಯುವ ಹಕ್ಕು ಪದಾತಿಗೆ ಮಾತ್ರ, ಅದೂ ಮರುನಡೆಯಲ್ಲೇ. ಇಟಲಿಯವರು ಮಾತ್ರ 19ನೇ ಶತಮಾನದ ಕೊನೆಯ ದಶಕಗಳವರೆಗೂ ಇದನ್ನು ಒಪ್ಪದೆ, ಹಾರಿದ್ದು ಹಾರಿಹೋಯಿತು ಎಂದೇ ಆಡುತ್ತಿದ್ದರು.

ಹೊಡೆದ ಕಾಯಿ ಒಂದು ಮನೆಯಲ್ಲಿ, ಸತ್ತ ಕಾಯಿ ಇನ್ನೊಂದರಲ್ಲಿ. ಚೆಸ್ಸಿನಲ್ಲಿ ಇಂಥ ಹೊಡೆತ ಬೇರೊಂದಿಲ್ಲ. ಅದರ ಕೈಚಳಕ ನೋಡಬೇಕಾದರೆ 1928ರಲ್ಲಿ ಮೆಲ್ಬರ್ನ್‌ನಲ್ಲಿ ಗುಂಡರ್ಸನ್ ಮತ್ತು ಫಾಲ್ ಎಂಬಿಬ್ಬರು ಆಡಿದ ಆಟಕ್ಕೆ ಬರಬೇಕು. (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು.) ಕರಿ ರಾಜ ಎಚ್6ರವರೆಗೆ ಹೊರಬಂದಿದ್ದಾನೆ. ಬಿಳಿ ಕುದುರೆ ಜಿ5ರಿಂದ ಜಿಗಿದದ್ದೇ ತಡ, ಸಿ1ರ ಒಂಟೆಗೆ ಓರೆದಾರಿ ತೆರೆದು ಚೆಕ್. ಫಾಲ್ ಪದಾತಿಯನ್ನು ಜಿ7ರಿಂದ ಜಿ5ಕ್ಕೆ ಹಾರಿಸಿ ಅಡ್ಡ ನಿಲ್ಲಿಸಿದರು. ಎಚ್5ರ ಬಿಳಿ ಪದಾತಿ ಅದನ್ನು ಹೊಡೆದು ಜಿ6ಕ್ಕೆ ಸರಿಯಿತು. ಅಡ್ಡವಿದ್ದ ಪದಾತಿ ಹೋಗಿ ಒಂಟೆಯ ಚೆಕ್. ಎಚ್ ಉದ್ದಸಾಲು ತೆರವಾಗಿ ಎಚ್1ರ ಆನೆಯ ಚೆಕ್. ಒಂಟೆ, ಆನೆ ಎರಡೂ ಇದ್ದಲ್ಲೇ ಇದ್ದವು! ನಡೆದ ಪದಾತಿ ಚೆಕ್ ಕೊಡಲೇ ಇಲ್ಲ. ರಾಜನಿಗೆ ಹೋಗಲು ಮನೆಯಿಲ್ಲ, 15ನೇ ನಡೆಗೇ ಮೇಟ್.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೆ. ಹಲಗೆಯ ಫೋಟೋ ಎಷ್ಟೇ ಸ್ಪಷ್ಟವಾಗಿರಲಿ, ಪಕ್ಕದಲ್ಲಿ ನಿಂತ ಪದಾತಿಯನ್ನು ಹೀಗೆ ಹೊಡೆಯಬಹುದೇ ಎಂದು ಅದರಿಂದ ತಿಳಿಯುವಂತಿಲ್ಲ. ಈಗಷ್ಟೇ ಹಾರಿತೋ, ಮೊದಲೇ ಬಂದು ಕೂತಿತ್ತೋ ಗೊತ್ತಿರಬೇಕು. ಅದಕ್ಕೇ, ಕಾಯಿಗಳ ಸ್ಥಿತಿಯನ್ನು ಕಂಪ್ಯೂಟರಿಗೆ ತಿಳಿಸುವ ಫೆನ್ ಎಂಬ ಒಂದು ಸಾಲಿನ ಬರಹದಲ್ಲಿ ಇದಕ್ಕೊಂದು ಜಾಗವನ್ನೇ ಮೀಸಲಿಟ್ಟಿದ್ದಾರೆ: ಪದಾತಿ ಹಾರಿ ದಾಟಿದ ಮನೆಯ ಹೆಸರು, ಇಲ್ಲವೇ ಬರೀ ಒಂದು ಅಡ್ಡಗೆರೆ. ಚೆಸ್ ಪ್ರೋಗ್ರಾಂ ಬರೆಯುವವರು ಎಡವುವುದೂ ಇಲ್ಲೇ. ಒಂದೇ ಏಟಿಗೆ ಅಡ್ಡಸಾಲಿನಿಂದ ಎರಡು ಪದಾತಿಗಳು ಖಾಲಿಯಾಗಿ, ಹೊಡೆದವನ ರಾಜನೇ ಶತ್ರುವಿನ ಆನೆಗೆ ಎದುರಾಗಿಬಿಡಬಹುದು. ಆಗ ಆ ಹೊಡೆತ ಸಲ್ಲದು.

ಮುಂದಿನ ಆಟದಲ್ಲಿ ಅವಳ ಪದಾತಿಯೂ ನನ್ನದರ ಪಕ್ಕಕ್ಕೆ ಹಾರಿ ಬಂತು. ಎಲ್ಲಿ ಓಡಿಹೋಗುತ್ತದೆ ಎಂದುಕೊಂಡು ಮೊದಲು ಕುದುರೆ ನಡೆಸಿ, ಆಮೇಲೆ ಕೈ ಚಾಚಿದೆ.

"ಆಗಲೇ ಹೊಡೀಬೇಕಿತ್ತು ಚಿಕ್ಕಪ್ಪ."