ಕಾರ್ಬುರೇಟರ್ ತೊಳೆಯುವ ಮುಂಚೆ ಬೌಲ್‌ನ ಕಸ ನೋಡಿ

ಹಳೇ ಬೈಕು ರಿಪೇರಿಗೆ ಬಂದಾಗ ನಾನು ಸ್ಪ್ಯಾನರಿನ ಜೊತೆಗೇ ಒಂದು ಬಿಳಿ ಪಿಂಗಾಣಿ ಬಟ್ಟಲನ್ನೂ ತೆಗೆದಿಟ್ಟುಕೊಳ್ಳುತ್ತೇನೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲನ್ನು ಅಲುಗಾಡದ ಹಾಗೆ ಕಳಚಿ, ಒಳಗಿರುವುದನ್ನೆಲ್ಲ ಬಟ್ಟಲಿಗೆ ಸುರಿದು ಎರಡು ನಿಮಿಷ ಸುಮ್ಮನೆ ಬಿಡುತ್ತೇನೆ. ಬೈಕಿನ ಕಾಯಿಲೆ ಏನೆಂದು ಆ ತಳದಲ್ಲಿ ಕೂತ ಕಸವೇ ಹೇಳುತ್ತದೆ. ಆದರೆ ಹೆಚ್ಚಿನವರು ಬೌಲ್ ಬಿಚ್ಚಿದ ಕೂಡಲೇ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಬೈಕು ಒಂದು ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಮಿಸ್ಸಿಂಗ್, ಅದೇ ಓವರ್‌ಫ್ಲೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಟ್ಯಾಂಕಿನ ರೋಗಕ್ಕೆ ಕಾರ್ಬುರೇಟರ್ ಪದೇ ಪದೇ ಬಿಚ್ಚಿಸಿಕೊಳ್ಳುತ್ತದೆ.

ಬಟ್ಟಲಲ್ಲಿ ಕಂದು ಪುಡಿ ಇದ್ದು, ಬೆರಳಲ್ಲಿ ಉಜ್ಜಿದರೆ ಕೆಮ್ಮಣ್ಣಿನಂತೆ ಅಂಟಿದರೆ ಅದು ಟ್ಯಾಂಕಿನ ತುಕ್ಕು. ಪೆಟ್ರೋಲಿನಡಿ ಗುಂಡಗೆ ಉರುಳಾಡುವ ಹನಿ ನೀರು. ಬಿಳಿ ಹಿಟ್ಟಿನಂಥದ್ದು ಕಾರ್ಬುರೇಟರಿನ ಮೈಯದೇ: ನೀರು ನಿಂತು ಸತುವಿನ ಮಿಶ್ರಲೋಹವನ್ನು ತಿಂದಿದೆ. ಈರುಳ್ಳಿ ಸಿಪ್ಪೆಯಂಥ ತೆಳು ಚೂರು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾರೋ ಹಿಂದೆ ಟ್ಯಾಂಕಿನೊಳಗೆ ತುಕ್ಕಿನ ಮೇಲೆಯೇ ಸೀಲರ್, ಅಂದರೆ ಒಳಗೋಡೆಗೆ ಹಚ್ಚುವ ಲೇಪ, ಬಳಿದಿದ್ದಾರೆ, ಈಗ ಅದು ಕಿತ್ತು ಬರುತ್ತಿದೆ ಎಂದು ಅರ್ಥ.

ಕರಿ, ಮೆತ್ತನೆಯ ಚೂರುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಪೆಟ್ರೋಲ್ ಪೈಪಿನ ರಬ್ಬರ್. ಹಳೇ ಪೈಪು ಒಳಗಿನಿಂದ ಉದುರುವುದು ಎಲ್ಲರಿಗೂ ಗೊತ್ತು. ಆದರೆ ಹೊಸ ಪೈಪು ಹಾಕಿದ ಮರುದಿನವೇ ಓವರ್‌ಫ್ಲೋ ಆದ ಬೈಕುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಿಗಿ ಪೈಪನ್ನು ಕಾರ್ಬುರೇಟರಿನ ಮೂತಿಗೆ ತಿರುಚಿ ತುರುಕುವಾಗ ಆ ಮೂತಿಯ ಚೂಪಾದ ಏಣು ರಬ್ಬರನ್ನು ಒಳಗಿನಿಂದ ಹೆರೆಯುತ್ತದೆ. ಉಗುರಿನ ತುದಿಯಷ್ಟು ಎಳೆ ನೇರ ಫ್ಲೋಟ್ ನೀಡಲಿನ, ಅಂದರೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಸೂಜಿಯ, ಬಾಯಿಗೆ ಹೋಗಿ ಕೂರುತ್ತದೆ. ಫಿಲ್ಟರ್ ಅದನ್ನು ತಡೆಯಲಾರದು, ಏಕೆಂದರೆ ಅದು ಹುಟ್ಟಿದ್ದೇ ಫಿಲ್ಟರಿನ ಕೆಳಗೆ. ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಒಳಗಿನ ನೀರು ಪೂರ್ತಿ ಒರೆಸಿ, ತಿರುಚದೆ ನೇರವಾಗಿ ತಳ್ಳಿ.

ಇನ್ನು ತುಕ್ಕಿನ ಮೂಲ. ಅರ್ಧ ತುಂಬಿದ ಟ್ಯಾಂಕು ಹಗಲು ಬಿಸಿಗೆ ಗಾಳಿ ಹೊರಹಾಕುತ್ತದೆ, ರಾತ್ರಿ ತಂಪಿಗೆ ತೇವದ ಗಾಳಿ ಎಳೆದುಕೊಳ್ಳುತ್ತದೆ. ಆ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಇಳಿದು, ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಇದ್ದರೆ ಅದು ಒಂದಷ್ಟು ನೀರನ್ನು ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ಕೆಳಗಿಳಿಯುತ್ತವೆ. ಮೇನ್ ಲೈನಿನ ಕೊಳವೆ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತಿರುತ್ತದೆ, ರಿಸರ್ವ್ ತಳದಿಂದಲೇ ಎಳೆಯುತ್ತದೆ. ತಿಂಗಳುಗಟ್ಟಲೆ ಮುಟ್ಟದ ರಿಸರ್ವ್‌ಗೆ ತಿರುಗಿಸಿದ ಕೂಡಲೇ ಬೈಕು ಕೆಮ್ಮಿ ನಿಲ್ಲುವುದು ಇದಕ್ಕೇ. ನುಣ್ಣನೆಯ ತುಕ್ಕು ಜಾಲರಿಯನ್ನೂ ದಾಟುತ್ತದೆ. ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಸುಮಾರು 0.4 ಮಿಲಿಮೀಟರ್ ಅಷ್ಟೇ, ಹಾಗಾಗಿ ಮೊದಲು ಕೈಕೊಡುವುದು ಐಡ್ಲಿಂಗ್. ಆ ರಂಧ್ರಕ್ಕೆ ತಂತಿ ತೂರಿಸಬೇಡಿ. ಹಿತ್ತಾಳೆ ಮೆದು, ರಂಧ್ರ ಅಗಲವಾದರೆ ಆ ಜೆಟ್ ಕೆಟ್ಟಿತೆಂದೇ ಲೆಕ್ಕ. ಕ್ಲೀನರ್ ಮತ್ತು ಒತ್ತಡದ ಗಾಳಿ ಸಾಕು.

ಟ್ಯಾಂಕ್ ತೊಳೆಯಲು ನಾನು ಸಿಟ್ರಿಕ್ ಆಮ್ಲವನ್ನೇ ನೆಚ್ಚಿಕೊಂಡಿದ್ದೇನೆ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ತೊಳೆದ ಮೇಲೆ ಇನ್ನೂ ಜೋರಾಗಿ ತುಕ್ಕು ಹಿಡಿಸುತ್ತದೆ. ಮೊದಲು ಪೆಟ್ರೋಲ್ ಪೂರ್ತಿ ಇಳಿಸಿ, ಸೋಪುನೀರಲ್ಲಿ ವಾಸನೆ ಹೋಗುವವರೆಗೆ ತೊಳೆಯಿರಿ. ಆವಿ ತುಂಬಿದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಕ್ ಬಿಚ್ಚಿ ಆ ತೂತು ಮುಚ್ಚಿ. 10 ಲೀಟರ್ ಬೆಚ್ಚನೆ ನೀರಿಗೆ ಅರ್ಧದಿಂದ ಒಂದು ಕಿಲೋ ಸಿಟ್ರಿಕ್ ಆಮ್ಲ ಕರಗಿಸಿ ಬಾಯಿಯವರೆಗೂ ತುಂಬಿ, ಮುಚ್ಚಳ ಬಿಗಿಯದೆ ಬಿಡಿ. ಕೆಲವು ಗಂಟೆಗೊಮ್ಮೆ ಟಾರ್ಚ್ ಹಾಕಿ ನೋಡಿ, ಲೋಹ ಬೂದಿಬಣ್ಣಕ್ಕೆ ತಿರುಗಿದಾಗ ಸುರಿದುಬಿಡಿ. ಅಡುಗೆ ಸೋಡಾ ನೀರಲ್ಲಿ ಒಮ್ಮೆ, ಶುದ್ಧ ನೀರಲ್ಲಿ ಒಮ್ಮೆ ತೊಳೆದು, ತಡಮಾಡದೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಚಹಾ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಪೊರೆ ಮೂಡಿರುತ್ತದೆ! ಒಣಗಿ ಪೂರ್ತಿ ಆರಿದ ಮೇಲೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದ ಪೆಟ್ರೋಲ್ ಸ್ವಲ್ಪ ಹಾಕಿ ಎಲ್ಲ ಮೂಲೆಗೂ ಹರಿಸಿ.

ತೂತು ಬಿದ್ದಿಲ್ಲದ ಟ್ಯಾಂಕಿಗೆ ಸೀಲರ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ತೂತಿದ್ದರೂ ಮೊದಲು ಬೆಸುಗೆಯ ಬಗ್ಗೆ ಯೋಚಿಸಿ, ಅದನ್ನು ಟ್ಯಾಂಕ್ ಕೆಲಸದಲ್ಲಿ ನುರಿತವರಿಗೇ ಬಿಡಿ.

ಫಿಲ್ಟರ್ ಹಾಕಿ, ಆದರೆ ಸಿಕ್ಕಿದ್ದನ್ನು ಹಾಕಬೇಡಿ. ಈ ಬೈಕುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ. ಒಂದು ಅಡಿ ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಹೆಚ್ಚುಕಡಿಮೆ 0.02 ಬಾರ್. ಪಂಪ್ ಇರುವ ಹಳೇ ಕಾರುಗಳಲ್ಲಿ ಅದರ ಹತ್ತು ಪಟ್ಟಾದರೂ ಇರುತ್ತದೆ, ಅವಕ್ಕೆಂದು ಮಾಡಿದ ಕಾಗದದ ಫಿಲ್ಟರ್ ಇಲ್ಲಿ ಕತ್ತು ಹಿಸುಕುತ್ತದೆ. ನುಣ್ಣನೆಯ ಜಾಲರಿಯದ್ದು ಒಳ್ಳೆಯದು. ಹಾಕಿದ ಮೇಲೆ ಎಂಜಿನ್ ತಣ್ಣಗಿರುವಾಗ ಕಾರ್ಬುರೇಟರ್ ಕಡೆಯ ಪೈಪು ಕಿತ್ತು, ಒಂದು ನಿಮಿಷ ಪೆಟ್ರೋಲನ್ನು ಬಾಟಲಿಗೆ ಹಿಡಿದು ಅಳೆಯಿರಿ. ಅಮಲ್ ಕಂಪನಿಯ ಕಾರ್ಬುರೇಟರಿನಲ್ಲಿ, ಜೋರಾಗಿ ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ಮೇಲಿನ 200, 220ರಂಥ ಸಂಖ್ಯೆ ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಎಂಬ ಲೆಕ್ಕ, ಪೈಪಿನಲ್ಲಿ ಅದಕ್ಕಿಂತ ಹೆಚ್ಚು ಬರಬೇಕು. ಬರುಬರುತ್ತ ಧಾರೆ ಸಣ್ಣಗಾಗಿ, ಮುಚ್ಚಳ ತೆರೆದೊಡನೆ ಜೋರಾದರೆ ಕಸವನ್ನು ಬೈಯಬೇಡಿ, ಮುಚ್ಚಳದ ಗಾಳಿತೂತು ಕಟ್ಟಿದೆ.

ಇಷ್ಟೆಲ್ಲ ಆದ ಮೇಲೂ ಬಟ್ಟಲಿಗೆ ಇನ್ನೂ ಕೆಲಸವಿರುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ ಒಮ್ಮೆ ಬೌಲ್ ಸುರಿಯುತ್ತೇನೆ, ನೂರಕ್ಕೆ ಇನ್ನೊಮ್ಮೆ, ರಿಸರ್ವ್‌ನಲ್ಲಿ ಓಡಿಸಿ ಮತ್ತೊಮ್ಮೆ. ಆ ಮೂರನೇ ಸಲವೂ ಬಟ್ಟಲಲ್ಲಿ ಬರೀ ಪೆಟ್ರೋಲ್ ಕಂಡರೆ ಮಾತ್ರ ಬೈಕನ್ನು ಮಾಲೀಕರ ಕೈಗೆ ಕೊಡುತ್ತೇನೆ.