ಮುಟ್ಟಿನ ಲೆಕ್ಕ: ಏರುಪೇರು ಗುರುತಿಸುವ ಬಗೆ

“ತಿಂಗಳದಾಗ ಎರಡ ಸಲ ಹೊರಗಾಗೇನ್ರಿ ಸಿಸ್ಟರ್.” ವಿಜಯಪುರ, ಬಾಗಲಕೋಟೆ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿ ತರಬೇತಿಗೆ ಹೋದಾಗ ಇಂಥ ದೂರು ನಿಮಗೂ ಬರುತ್ತದೆ. ಉತ್ತರ ಹೇಳುವ ಮೊದಲು ತಾರೀಖು ಕೇಳಿ. ಮಾರ್ಚ್ 3ಕ್ಕೆ ಒಮ್ಮೆ, 31ಕ್ಕೆ ಇನ್ನೊಮ್ಮೆ ಆಗಿದ್ದರೆ ಅಂತರ 28 ದಿನ, ಏನೂ ಕೆಟ್ಟಿಲ್ಲ. ಮಾರ್ಚ್ 3 ಮತ್ತು 18 ಆಗಿದ್ದರೆ ಅಂತರ 15 ದಿನ, ವೈದ್ಯರು ನೋಡಲೇಬೇಕು.

ರಕ್ತಸ್ರಾವ ಶುರುವಾದ ದಿನವೇ 1ನೇ ದಿನ. ಅಲ್ಲಿಂದ ಮುಂದಿನ ಮುಟ್ಟು ಶುರುವಾಗುವ ಹಿಂದಿನ ದಿನದವರೆಗೆ ಒಂದು ಚಕ್ರ. ತಲೆಗೆ ಸ್ನಾನ ಮಾಡಿ ಒಳಗೆ ಬಂದ ಐದನೇ ದಿನದಿಂದ ಮುಂದಿನ ಮುಟ್ಟಿನವರೆಗೆ ಎಣಿಸುವವರೂ ಇದ್ದಾರೆ. ಹಾಗೆ ಎಣಿಸಿದರೆ 28ರ ಚಕ್ರ 24 ಆಗಿ ಕಾಣುತ್ತದೆ. ತಾರೀಖು ನೆನಪಿಲ್ಲದವರಿಗೆ ಹುಣ್ಣಿಮೆ, ಅಮಾವಾಸ್ಯೆ ನೆನಪಿರುತ್ತವೆ. “ಕಾರಹುಣ್ಣಿಮಿ ಆದ ಮೂರ ದಿನಕ್ಕ” ಎಂದರೆ ಕ್ಯಾಲೆಂಡರ್ ತೆಗೆದು ತಾರೀಖಿಗೆ ಇಳಿಸಿಕೊಳ್ಳಿ. ಕನಿಷ್ಠ ಮೂರು ಚಕ್ರಗಳ ತಾರೀಖು ಬೇಕು.

ವಯಸ್ಕರಲ್ಲಿ 24ರಿಂದ 38 ದಿನಕ್ಕೊಮ್ಮೆ ಮುಟ್ಟಾಗುವುದು, 8 ದಿನದೊಳಗೆ ನಿಲ್ಲುವುದು ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷ 21ರಿಂದ 45 ದಿನದ ಅಂತರವೂ ಸಹಜವೇ, ತಾಯಂದಿರಿಗೆ ಇದನ್ನು ಬಿಡಿಸಿ ಹೇಳಿ.

ತಡವಾಗುವುದೇಕೆ? ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರಲು ಸುಮಾರು 14 ದಿನ. ಈ ಅವಧಿ ಹೆಚ್ಚು ಬದಲಾಗದು. ಹಿಗ್ಗುವುದು, ಕುಗ್ಗುವುದು ಅದಕ್ಕೂ ಮೊದಲಿನ ಅವಧಿ. ಜ್ವರ, ಚಿಂತೆ, ತೂಕ ಇಳಿಕೆ, ಥೈರಾಯ್ಡ್ ತೊಂದರೆ, ಪಿಸಿಓಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇದ್ದರೆ ಅಂಡ ತಡವಾಗಿ ಬಿಡುಗಡೆಯಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಆಗದಿದ್ದರೆ ಒಳಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಹುಟ್ಟದು. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ, ಕೊನೆಗೆ ಅಲ್ಲಲ್ಲಿ ಕಳಚಿ ದಿನಗಟ್ಟಲೆ ಹೋಗುತ್ತದೆ. ಎರಡು ತಿಂಗಳು ನಿಂತು ಮೂರನೇ ತಿಂಗಳು ವಿಪರೀತ ಹೋಯಿತು ಎನ್ನುವವರಲ್ಲಿ ಹೀಗಾಗಿರುವುದುಂಟು. ಆದರೂ ಮುಟ್ಟು ತಪ್ಪಿದವರಿಗೆ ಮೊದಲು ಮೂತ್ರದ ಗರ್ಭ ಪರೀಕ್ಷೆ ಮಾಡಿ, ಉಳಿದ ವಿಚಾರ ಆಮೇಲೆ.

“ಭಾಳ ಹೋಗ್ತೈತ್ರಿ” ಎಂದರೆ ಎಷ್ಟು? ತಾಸು, ಎರಡು ತಾಸಿಗೇ ಪ್ಯಾಡ್ ತೊಯ್ಯುತ್ತದೆಯೇ, ರಾತ್ರಿ ಎದ್ದು ಬದಲಿಸಬೇಕೇ, ಹತ್ತು ರೂಪಾಯಿ ನಾಣ್ಯದಷ್ಟು ಗಡ್ಡೆ ಬೀಳುತ್ತವೆಯೇ ಎಂದು ಬಿಡಿಸಿ ಕೇಳಿ. ಬಟ್ಟೆ ಬಳಸುವವರಿಗೆ ದಿನಕ್ಕೆ ಎಷ್ಟು ಸಲ ಬದಲಿಸುತ್ತಾರೆಂದು ಕೇಳಿ. 1 ಮಿ.ಲೀ. ರಕ್ತದ ಜತೆ ಸುಮಾರು ಅರ್ಧ ಮಿ.ಗ್ರಾಂ ಕಬ್ಬಿಣ ಹೋಗುತ್ತದೆ, 80 ಮಿ.ಲೀ. ಹೋದರೆ 40 ಮಿ.ಗ್ರಾಂ. ಅದಕ್ಕೇ ಹಿಮೋಗ್ಲೋಬಿನ್ ನೋಡದೆ ಕಳಿಸಬೇಡಿ. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ. ಕಬ್ಬಿಣದ ಗುಳಿಗೆಗೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರಲಿ.

ಕುಟುಂಬ ಯೋಜನೆಯ ವಿಧಾನ ಕೇಳಲು ಮರೆಯಬೇಡಿ. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಮೊದಮೊದಲು ಚುಕ್ಕೆ ಚುಕ್ಕೆ ಕಾಣಿಸಿ, ಬರಬರುತ್ತಾ ಮುಟ್ಟು ನಿಲ್ಲಬಹುದು. ಛಾಯಾ ಗುಳಿಗೆಯಿಂದ ತಡವಾಗಬಹುದು. ಕಾಪರ್-ಟಿ ಹಾಕಿಸಿದ ಮೊದಲ 3ರಿಂದ 6 ತಿಂಗಳು ಸ್ರಾವ, ನೋವು ಹೆಚ್ಚು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ನಡುವೆಯೇ ಬಿಟ್ಟುಬಿಡುತ್ತಾರೆ. ಸವದತ್ತಿ ಯಲ್ಲಮ್ಮನ ಜಾತ್ರೆಗೋ ಮದುವೆಗೋ ಮುಟ್ಟು ಮುಂದೂಡುವ ಗುಳಿಗೆ ನುಂಗಿದ್ದರೆ ಆ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ; ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಬರುವ ಸ್ರಾವ ಆ ಔಷಧದ್ದು.

“ಮಕ್ಕಳಾದಾವು, ಗರ್ಭಚೀಲ ತಗಸಿಬಿಡ್ರಿ” ಎನ್ನುವವರಿಗೆ ಅವಸರ ಬೇಡವೆಂದು ತಿಳಿಹೇಳಿ. ಅತಿಸ್ರಾವಕ್ಕೆ ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯಂಥ ಚಿಕಿತ್ಸೆಗಳಿವೆ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವೂ ಹೋದರೆ ಮೂಳೆ ಸವೆಯುತ್ತದೆ.

ತಡಮಾಡದೆ ವೈದ್ಯರ ಬಳಿ ಕಳಿಸಬೇಕಾದವರು: ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡವರು, ಸಂಭೋಗದ ನಂತರ ರಕ್ತ ಕಾಣುವವರು, 15 ತುಂಬಿದರೂ ಮೈನೆರೆಯದ ಹುಡುಗಿಯರು. ಮುಟ್ಟು ತಪ್ಪಿ ಒಂದು ಬದಿ ಕಿಬ್ಬೊಟ್ಟೆ ನೋವು, ತಲೆಸುತ್ತು ಬಂದರೆ ಗರ್ಭವು ಅಂಡನಾಳದಲ್ಲಿ ನಿಂತಿರಬಹುದು. ಅದೇ ತಾಸು ಆಂಬ್ಯುಲೆನ್ಸ್ ಕರೆಸಿ. ಚೀಟಿಯಲ್ಲಿ ಹಿಂದಿನ ಮೂರು ಮುಟ್ಟಿನ ತಾರೀಖು, ದಿನದ ಪ್ಯಾಡ್ ಎಣಿಕೆ, ಹಿಮೋಗ್ಲೋಬಿನ್, ಗರ್ಭ ಪರೀಕ್ಷೆಯ ಫಲಿತಾಂಶ, ನುಂಗುತ್ತಿರುವ ಗುಳಿಗೆ ಬರೆಯಿರಿ.